ಮೋಗ್ಲಿ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದ?

ಗುಂಡ್ಲುಪೇಟೆಯಿಂದ ಊಟಿಯ ದಾರಿ ಹಿಡಿದು ಹಂಗಳದ ಬಳಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲು ಸಿಗುತ್ತದೆ. ನಮ್ಮ ವೀಕ್ಷಕರಲ್ಲಿ ಹಲವರು ಅಲ್ಲಿಗೆ ಹೋಗಿ ಬಂದಿರಬಹುದು. ಸ್ವಂತ ಗಾಡಿಗಳು ತಪ್ಪಲಲ್ಲೇ ನಿಲ್ಲಬೇಕು. ಮೇಲಕ್ಕೆ ಹೋಗಲು ಸಾರಿಗೆ ಸಂಸ್ಥೆಯ ಬಸ್ಸೇ ಗತಿ. ಸಮುದ್ರ ಮಟ್ಟದಿಂದ 1,454 ಮೀಟರ್ ಎತ್ತರದ ಆ ನೆತ್ತಿಯಲ್ಲಿ ಮರದ ಕೆಳಗೆ ಕೊಳಲು ಹಿಡಿದು ನಿಂತ ಗೋಪಾಲನಿದ್ದಾನೆ. ಸುತ್ತ ಮಂಜು, ಹುಲ್ಲುಗಾವಲು, ಅದರಾಚೆ ಕಣ್ಣು ಹಾಯುವವರೆಗೂ ಬಂಡೀಪುರದ ಕಾಡು.

ಕಳೆದ ಸಲ ನಾನು ಹೋದಾಗ ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗನೊಬ್ಬ ಕಿಟಕಿಗೆ ಮೂಗು ಒತ್ತಿಕೊಂಡು ಕೂತಿದ್ದ. ತಿರುವಿನಲ್ಲಿ ದೂರದ ಇಳಿಜಾರಿನ ಮೇಲೆ ನಾಲ್ಕೈದು ಆನೆಗಳು ಕಂಡವು. ಹುಡುಗ ತಂದೆಯ ತೋಳು ಜಗ್ಗಿ, “ಅಪ್ಪಾ, ಮೋಗ್ಲಿ ಇದ್ದಿದ್ದು ಇಲ್ಲೇನಾ?” ಎಂದು ಕೇಳಿದ. ತಂದೆ ನಕ್ಕರು. “ಇಲ್ಲ ಕಣೋ, ಅದು ಬರೀ ಕಾರ್ಟೂನು” ಎಂದರು.

ತಂದೆಯ ಉತ್ತರ ತಪ್ಪಲ್ಲ. ಆದರೆ ಪೂರ್ತಿ ಸರಿಯೂ ಅಲ್ಲ. ಆ ಹುಡುಗನ ಪ್ರಶ್ನೆಯ ಹಿಂದೆ ಒಂದು ದೊಡ್ಡ ಚರಿತ್ರೆಯೇ ಇದೆ. ಬಾಲ್ಯದ ಸಾಹಸಿಗಳು ಎಲ್ಲಿಂದ ಬರುತ್ತಾರೆ, ಯಾವ ಮಾತಿನಲ್ಲಿ ನಮ್ಮ ಮನೆ ಹೊಗುತ್ತಾರೆ, ಇಪ್ಪತ್ತು ಮೂವತ್ತು ವರ್ಷಗಳ ನಂತರ ಅವರನ್ನು ಮತ್ತೆ ಕರೆತಂದಾಗ ಏನು ಬರುತ್ತದೆ, ಏನು ಬರುವುದಿಲ್ಲ ಎಂಬ ಚರಿತ್ರೆ ಅದು.

ಕಾರಾಪುರದ ಹುಡುಗ

ರಡ್ಯಾರ್ಡ್ ಕಿಪ್ಲಿಂಗ್ ಹುಟ್ಟಿದ್ದು 1865ರಲ್ಲಿ, ಮುಂಬಯಿಯಲ್ಲಿ. ಆತನ ‘ಜಂಗಲ್ ಬುಕ್’ ಪ್ರಕಟವಾದದ್ದು 1894ರಲ್ಲಿ. ಮೋಗ್ಲಿಯ ಕಾಡು ಮಧ್ಯಪ್ರದೇಶದ ಸಿವನಿ ಸೀಮೆಯದು. ಅದೇ ಪುಸ್ತಕದಲ್ಲಿ ಆನೆ ಮಾವುತನ ಮಗ ಟೂಮಾಯಿ ಎಂಬ ಬಾಲಕನ ಕಥೆಯೂ ಒಂದಿದೆ. ನಮ್ಮ ಸೀಮೆಗೂ ಈ ಪುಸ್ತಕಕ್ಕೂ ನಂಟು ಬೆಳೆದದ್ದು ಆ ಟೂಮಾಯಿಯಿಂದ.

ಮೈಸೂರು ಸೀಮೆಯಲ್ಲಿ ಆನೆ ಹಿಡಿಯುವ ಖೆಡ್ಡಾ ಕ್ರಮವನ್ನು ಜಿ.ಪಿ. ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ 1870ರ ದಶಕದಲ್ಲಿ ಚಾಮರಾಜನಗರದ ಆಸುಪಾಸಿನಲ್ಲೇ ಮೊದಲು ನಡೆಸಿದ. ಮುಂದೆ ಅದು ಕಬಿನಿ ತೀರದ ಕಾಕನಕೋಟೆಗೆ ಹೋಗಿ ಜಗತ್ಪ್ರಸಿದ್ಧವಾಯಿತು. ಅಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆ ಕಬಿನಿ ತೀರದ ಕಾರಾಪುರದಲ್ಲಿ 1924ರಲ್ಲಿ ಮಹಾರಾಜರ ಸೇವೆಯಲ್ಲಿದ್ದ ಮಾವುತರೊಬ್ಬರಿಗೆ ಒಬ್ಬ ಮಗ ಹುಟ್ಟಿದ. ಹೆಸರು ಸಾಬು. ತಂದೆ ತೀರಿಕೊಂಡ ಮೇಲೆ ಹುಡುಗ ಮೈಸೂರಿನ ಆನೆ ಲಾಯದ ಆಸರೆಯಲ್ಲಿ ಬೆಳೆದ.

1935ರಲ್ಲಿ ಟೂಮಾಯಿಯ ಕಥೆಯನ್ನು ಸಿನಿಮಾ ಮಾಡಲು ರಾಬರ್ಟ್ ಫ್ಲಾಹರ್ಟಿಯವರ ತಂಡ ಮೈಸೂರಿಗೆ ಬಂದಾಗ ಆನೆಗೆ ಹೆದರದ ಒಬ್ಬ ಬಾಲಕ ಬೇಕಾಗಿದ್ದ. ಲಾಯದಲ್ಲಿ ಅವರ ಕಣ್ಣಿಗೆ ಬಿದ್ದವನು ಈ ಸಾಬು. 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಪಡೆಯಿತು. ಸಾಬು ಇಂಗ್ಲೆಂಡಿಗೆ ಹೋದ, ಅಲ್ಲಿನ ಶಾಲೆಯಲ್ಲಿ ಇಂಗ್ಲಿಷ್ ಕಲಿತ, ಅಲ್ಲಿಂದ ಅಮೆರಿಕಕ್ಕೆ ಹೋದ. 1942ರ ‘ಜಂಗಲ್ ಬುಕ್’ ಚಿತ್ರದಲ್ಲಿ ಮೋಗ್ಲಿಯಾದವನು ಆತನೇ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದ ಗನ್ನರ್ ಆಗಿ ಶೌರ್ಯಪದಕವನ್ನೂ ಪಡೆದ ಸಾಬು 1963ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಕ್ಯಾಲಿಫೋರ್ನಿಯದಲ್ಲಿ ತೀರಿಕೊಂಡ.

ಅಂದರೆ ಚಲನಚಿತ್ರದಲ್ಲಿ ಜಗತ್ತು ಕಂಡ ಆ ಮೋಗ್ಲಿ, ಗೋಪಾಲಸ್ವಾಮಿ ಬೆಟ್ಟದ ಪಡುವಣಕ್ಕೆ ಹಬ್ಬಿರುವ ಇದೇ ಕಾಡಿನ ಅಂಚಿನಲ್ಲಿ ಹುಟ್ಟಿದ ಹುಡುಗ. ಈ ಕಾಡಿಗೂ ಬೆಟ್ಟದ ದೇವರಿಗೂ ಇರುವ ನಂಟನ್ನು ಇಲ್ಲೇ ಹೇಳಿಬಿಡುತ್ತೇನೆ. ಮೈಸೂರು ಅರಸರು 1931ರಲ್ಲಿ ಬಂಡೀಪುರದಲ್ಲಿ ಸಣ್ಣದೊಂದು ಅಭಯಾರಣ್ಯ ಮಾಡಿದ್ದರು. 1941ರಲ್ಲಿ ಅದನ್ನು ಹಿಗ್ಗಿಸಿದಾಗ ಇಟ್ಟ ಹೆಸರು ‘ವೇಣುಗೋಪಾಲ ವನ್ಯಜೀವಿ ಉದ್ಯಾನ’. 1973ರಲ್ಲಿ ಇದೇ ಕಾಡು ಹುಲಿ ಯೋಜನೆಗೆ ಸೇರಿತು. ಬಸ್ಸಿನಲ್ಲಿದ್ದ ಹುಡುಗ ಕೇಳಿದ ಪ್ರಶ್ನೆಗೆ “ಹೂಂ ಮಗು, ಒಂದು ಲೆಕ್ಕದಲ್ಲಿ ಇಲ್ಲೇ” ಎಂದು ಯಾರಾದರೂ ಹೇಳಿದ್ದರೆ ಅದು ಸುಳ್ಳಾಗುತ್ತಿರಲಿಲ್ಲ.

ಭಾನುವಾರದ ಬೆಳಗು

ಆ ತಂದೆ ಹೇಳಿದ ಕಾರ್ಟೂನು ಬೇರೆಯದು. ಜಪಾನಿನ ನಿಪ್ಪಾನ್ ಆ್ಯನಿಮೇಷನ್ ಸಂಸ್ಥೆ 1989ರಲ್ಲಿ 52 ಕಂತುಗಳ ‘ಜಂಗಲ್ ಬುಕ್’ ಮಾಲಿಕೆಯನ್ನು ತಯಾರಿಸಿತು. 1993ರಲ್ಲಿ ದೂರದರ್ಶನ ಅದನ್ನು ಹಿಂದಿಯಲ್ಲಿ, ಭಾನುವಾರ ಬೆಳಿಗ್ಗೆ ಪ್ರಸಾರ ಮಾಡಿತು. ಗುಲ್ಜಾರರ ಸಾಹಿತ್ಯ, ವಿಶಾಲ್ ಭಾರದ್ವಾಜರ ಸಂಗೀತದ ಶೀರ್ಷಿಕೆ ಗೀತೆ ದೇಶದ ಮಕ್ಕಳಿಗೆಲ್ಲ ಬಾಯಿಪಾಠವಾಯಿತು. ಹುಲಿ ಶೇರ್‌ಖಾನನಿಗೆ ದನಿ ಕೊಟ್ಟವರು ನಾನಾ ಪಾಟೇಕರ್. ಇಂಗ್ಲಿಷ್ ಬರಹಗಾರನ ಕಥೆ, ಜಪಾನಿನ ಚಿತ್ರ, ಹಿಂದಿಯ ಹಾಡು. ನೋಡುತ್ತಿದ್ದವರು ಗುಂಡ್ಲುಪೇಟೆಯ ನಾವು.

ನಮ್ಮ ಬೀದಿಯಲ್ಲಿ ಟಿ.ವಿ. ಇದ್ದ ಮನೆಗಳು ಆಗ ಕೆಲವೇ. ಭಾನುವಾರ ಬೆಳಿಗ್ಗೆ ಅಂಥ ಒಂದು ಮನೆಯ ಪಡಸಾಲೆ ಮಕ್ಕಳಿಂದ ತುಂಬಿಹೋಗುತ್ತಿತ್ತು. ಒಬ್ಬ ಹೊರಗೆ ನಿಂತು ಆಂಟೆನಾ ತಿರುಗಿಸಬೇಕು, ಇನ್ನೊಬ್ಬ ಕಿಟಕಿಯಲ್ಲಿ ನಿಂತು “ಬಂತು, ಬಂತು, ಹೋಯ್ತು” ಎಂದು ಕೂಗಬೇಕು. ಚಿತ್ರವೇನೋ ಬರುತ್ತಿತ್ತು, ಮಾತು ಮಾತ್ರ ನಮಗೆ ತಿಳಿಯುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಹಿಂದಿ ಓದುತ್ತಿದ್ದ ಆ ಮನೆಯ ಅಕ್ಕ ನಮಗೆಲ್ಲ ದುಭಾಷಿ. ಅವಳಿಗೂ ಅರ್ಧವೇ ಗೊತ್ತಾಗುತ್ತಿತ್ತು. ಉಳಿದರ್ಧವನ್ನು ಅವಳೇ ಕಟ್ಟಿ ಹೇಳುತ್ತಿದ್ದಳೆಂದು ನನಗೆ ಗೊತ್ತಾದದ್ದು ದೊಡ್ಡವನಾದ ಮೇಲೆ. ನಮ್ಮ ಪಾಲಿನ ಮೋಗ್ಲಿಯ ಅರ್ಧ ಮಾತುಗಳು ಅವಳು ಬರೆದ ಮಾತುಗಳು.

ಆ ಮನೆಯ ಅಜ್ಜಿಯೂ ಬಾಗಿಲ ಬಳಿ ಕಂಬಕ್ಕೆ ಒರಗಿ ಕೂರುತ್ತಿದ್ದರು. “ಏನಂದ್ನವ್ವ ಅವ?” ಎಂದು ಮೊಮ್ಮಗಳನ್ನು ಕೇಳುವರು. ಒಂದು ದಿನ ಶೇರ್‌ಖಾನ್ ಗರ್ಜಿಸಿ ಮೋಗ್ಲಿ ಓಡತೊಡಗಿದಾಗ ಅಜ್ಜಿಗೆ ನಗು ತಡೆಯಲಾಗಲಿಲ್ಲ. “ಹುಲಿ ಕಂಡು ಓಡೋನು ಎಂಥ ಗಂಡ್ಸು ಕನಾ ಮೊಗ? ನಮ್ಮ ಮಾದಪ್ಪ ಹುಲಿ ಮ್ಯಾಲೆ ಕುಂತ್ಕಂಡೇ ಎಪ್ಪತ್ತೇಳು ಮಲೆ ತಿರುಗ್ದ” ಎಂದರು. ನಾವೆಲ್ಲ “ಸುಮ್ಮನಿರಜ್ಜಿ” ಎಂದು ಗದರಿದೆವು. ಅಷ್ಟರಲ್ಲಿ ಕರೆಂಟು ಹೋಯಿತು. ಟಿ.ವಿ. ಕಪ್ಪಾಯಿತು. ಅಜ್ಜಿಯ ಕಥೆ ಮುಂದುವರಿಯಿತು.

ಹಿಂದಿಯಲ್ಲೇ ಏಕೆ?

ಕನ್ನಡದ ಮಕ್ಕಳು ತಮ್ಮ ಟಿ.ವಿ. ಸಾಹಸಿಗಳನ್ನು ಪರಭಾಷೆಯಲ್ಲೇ ನೋಡಬೇಕಾಗಿದ್ದಕ್ಕೆ ಎರಡು ಕಾರಣಗಳಿದ್ದವು. ಮೊದಲನೆಯದು, ರಾಷ್ಟ್ರೀಯ ಜಾಲದ ಕಾರ್ಯಕ್ರಮಗಳು ದೇಶಕ್ಕೆಲ್ಲ ಒಂದೇ ಭಾಷೆಯಲ್ಲಿ ಬರುತ್ತಿದ್ದದ್ದು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ 1981ರಲ್ಲೇ ಆರಂಭವಾಗಿದ್ದರೂ ಭಾನುವಾರದ ಬೆಳಗು ದೆಹಲಿಯದಾಗಿತ್ತು. ಎರಡನೆಯದು ಡಬ್ಬಿಂಗ್ ಬೇಡವೆಂಬ ನಮ್ಮದೇ ತೀರ್ಮಾನ. 1960ರ ದಶಕದಲ್ಲಿ ಚಿತ್ರಮಂದಿರಗಳೆಲ್ಲ ಪರಭಾಷಾ ಚಿತ್ರಗಳಿಂದ ತುಂಬಿದ್ದಾಗ ಅ.ನ. ಕೃಷ್ಣರಾಯರಂಥವರು ಚಳವಳಿಗೆ ಇಳಿದರು. ಕನ್ನಡ ಚಿತ್ರರಂಗ ತನ್ನ ಕಾಲ ಮೇಲೆ ನಿಲ್ಲಬೇಕಾದರೆ ಡಬ್ಬಿಂಗ್ ಇರಕೂಡದೆಂಬ ನಿಲುವು ಅಂದು ಬೇರೂರಿತು. ಅದರಿಂದ ಕನ್ನಡದ ಕಲಾವಿದರಿಗೆ, ತಂತ್ರಜ್ಞರಿಗೆ, ಬರಹಗಾರರಿಗೆ ಅನ್ನ ಸಿಕ್ಕಿತೆಂಬುದನ್ನು ಮರೆಯಬಾರದು.

ಆದರೆ ಆ ಲೆಕ್ಕದಲ್ಲಿ ಮಕ್ಕಳು ಬಿಟ್ಟುಹೋದರು. ದೊಡ್ಡವರಿಗಾಗಿ ಕನ್ನಡದಲ್ಲೇ ಚಿತ್ರಗಳು, ಧಾರಾವಾಹಿಗಳು ತಯಾರಾದವು. ಒಂದೊಂದು ಕಂತಿಗೂ ಸಾವಿರಾರು ಚಿತ್ರ ಬರೆಯಬೇಕಾದ ಕಾರ್ಟೂನನ್ನು ಕನ್ನಡದಲ್ಲೇ ತಯಾರಿಸುವಷ್ಟು ಬಂಡವಾಳವನ್ನು ಯಾರೂ ಹೂಡಲಿಲ್ಲ. ಹೀಗಾಗಿ 1997ರ ಸೆಪ್ಟೆಂಬರಿನಲ್ಲಿ ದೂರದರ್ಶನದಲ್ಲಿ ‘ಶಕ್ತಿಮಾನ್’ ಬಂದಾಗಲೂ ಅದೇ ಕಥೆ. ಮುಕೇಶ್ ಖನ್ನಾ ಗಿರಗಿರನೆ ತಿರುಗಿ ಹಾರುವುದನ್ನು ನೋಡಿ ಹಳ್ಳಿಹಳ್ಳಿಯ ಮಕ್ಕಳು ತಲೆಸುತ್ತುವ ತನಕ ತಿರುಗಿದರು. ಕೊನೆಯಲ್ಲಿ ಆತ ಹೇಳುತ್ತಿದ್ದ ಬುದ್ಧಿಮಾತು ಮಾತ್ರ ಎಷ್ಟೋ ಮಕ್ಕಳ ತಲೆಯ ಮೇಲಿಂದಲೇ ಹಾರಿಹೋಯಿತು.

ಮುದ್ರಣದಲ್ಲಿ ಬೇರೆಯೇ ಕಥೆ

ಪುಸ್ತಕ, ಪತ್ರಿಕೆಗಳ ಲೋಕದಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ‘ಚಂದಮಾಮ’ 1949ರಲ್ಲೇ ಕನ್ನಡಕ್ಕೆ ಬಂದಿತ್ತು. ದೇಶದ ಮಕ್ಕಳೆಲ್ಲ ಓದಿದ ‘ಅಮರ ಚಿತ್ರ ಕಥೆ’ಯ ಬೇರು ಬೆಂಗಳೂರಿನಲ್ಲಿದೆ ಎಂಬುದು ಅನೇಕರಿಗೆ ತಿಳಿಯದು. 1960ರ ದಶಕದಲ್ಲಿ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಅದರ ಮೊದಲ ಹತ್ತು ಸಂಚಿಕೆಗಳು ಕನ್ನಡದಲ್ಲಿ ಬಂದವು. ಅವು ಪಾಶ್ಚಾತ್ಯ ಮಕ್ಕಳ ಕಥೆಗಳು. ಹನ್ನೊಂದನೆಯ ಸಂಚಿಕೆಯೇ ‘ಕೃಷ್ಣ’. ಅದರಿಂದ ಆ ಮಾಲಿಕೆಯನ್ನು ಇಂಗ್ಲಿಷಿನಲ್ಲಿ ಕಟ್ಟಿ ಬೆಳೆಸಿದ ಅನಂತ ಪೈ ಕೂಡ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಗೋವರ್ಧನ ಗಿರಿಯನ್ನು ಬೆರಳಲ್ಲಿ ಎತ್ತಿದ ಗೋಪಾಲ ಬಣ್ಣದ ಚೌಕಟ್ಟುಗಳೊಳಗೆ ಬಂದು ಕೂತದ್ದು ಹೀಗೆ.

ಇನ್ನೊಬ್ಬನನ್ನು ಇಲ್ಲಿ ನೆನೆಯದಿದ್ದರೆ ನಮ್ಮ ಪೀಳಿಗೆಯವರು ಕ್ಷಮಿಸಲಾರರು. ಆತ ‘ಬಾಲಮಂಗಳ’ದ ಡಿಂಗ. ಡಿಂಗ ಒಂದು ಇಲಿ. ಬೇರೆ ಗ್ರಹದವರು ಹಿಡಿದೊಯ್ದು ಪ್ರಯೋಗ ಮಾಡಿದ್ದರಿಂದ ಅದಕ್ಕೆ ಅಪಾರ ಶಕ್ತಿ ಬಂದಿತ್ತು. ಕಾಡಿನಲ್ಲಿ ಯಾರಿಗೆ ಕಷ್ಟ ಬಂದರೂ ಹಾರಿ ಬರುತ್ತಿತ್ತು. ಮೂಲದಲ್ಲಿ ಅದು 1983ರಲ್ಲಿ ಮಲಯಾಳಂ ‘ಬಾಲಮಂಗಳಂ’ನಲ್ಲಿ ಹುಟ್ಟಿದ ‘ಡಿಂಗನ್’. ಹಾಗೆಂದು ಡಿಂಗ ಪರಭಾಷೆಯವನೆಂದು ನಮಗೆ ಒಮ್ಮೆಯೂ ಅನಿಸಲಿಲ್ಲ. ಆತ ಕನ್ನಡ ಮಾತಾಡುತ್ತಿದ್ದ. ಅವನ ಗುಳ್ಳೆಯೊಳಗಿನ ಮಾತನ್ನು ಓದಲು ಯಾವ ಅಕ್ಕನೂ ಬೇಕಿರಲಿಲ್ಲ. ಎರಡನೆಯ ತರಗತಿಯ ಮಗು ತಾನೇ ಅಕ್ಷರ ಕೂಡಿಸಿ ಓದಬಹುದಿತ್ತು. ಮನೆಯಲ್ಲಿ ಬಿಟ್ಟು ಬೇರೆಲ್ಲೂ ಕನ್ನಡ ಓದದ ಮಕ್ಕಳು ಕೂಡ ಡಿಂಗನಿಗಾಗಿ ಕನ್ನಡ ಓದಿದರು. ಶೇರ್‌ಖಾನನನ್ನು ನಾವು ನೋಡಿದೆವು. ಡಿಂಗನನ್ನು ಓದಿದೆವು, ಮಾತಾಡಿದೆವು, ಜಗಳದಲ್ಲಿ ಬಳಸಿದೆವು.

ಮರಳಿ ಬಂದವರು

ಈಗ ಈ ಹಳಬರೆಲ್ಲ ಮರಳುವ ಕಾಲ. ಡಿಂಗನ್ ಕೇರಳದಲ್ಲಿ 2008ರ ಹೊತ್ತಿಗೆ ವಿಚಾರವಾದಿ ತರುಣರ ಕೈಯಲ್ಲಿ ಒಂದು ವಿಡಂಬನೆಯ ‘ಮತ’ವಾಗಿ ಮರುಹುಟ್ಟು ಪಡೆದ. 2011ರಲ್ಲಿ ಶಕ್ತಿಮಾನ್ ಕಾರ್ಟೂನಾಗಿ ಬಂದ. 2020ರ ಲಾಕ್‌ಡೌನಿನಲ್ಲಿ ದೂರದರ್ಶನ ‘ರಾಮಾಯಣ’, ‘ಮಹಾಭಾರತ’ಗಳ ಜೊತೆ ‘ಶಕ್ತಿಮಾನ್’ ಅನ್ನೂ ಮರುಪ್ರಸಾರ ಮಾಡಿತು. ಮನೆಯಲ್ಲೇ ಕಟ್ಟಿಹಾಕಿದಂತಿದ್ದ ತಂದೆತಾಯಿಗಳು ಮಕ್ಕಳನ್ನು ಕೂರಿಸಿಕೊಂಡು, “ನೋಡು, ನಾವು ನಿನ್ನಷ್ಟಿದ್ದಾಗ ನೋಡಿದ್ದು ಇದೇ” ಎಂದು ತೋರಿಸಿದರು. ಮಕ್ಕಳು ಸ್ವಲ್ಪ ಹೊತ್ತು ನೋಡಿ, ಹಾರುವ ದೃಶ್ಯದ ಹಿಂದಿನ ತಂತಿಯನ್ನು ಹುಡುಕತೊಡಗಿದರು.

ಎಲ್ಲಕ್ಕಿಂತ ನನ್ನನ್ನು ಯೋಚನೆಗೆ ಹಚ್ಚಿದ್ದು 2016ರ ಏಪ್ರಿಲಿನ ಸಂಗತಿ. ಡಿಸ್ನಿಯವರ ಹೊಸ ‘ಜಂಗಲ್ ಬುಕ್’ ಅಮೆರಿಕಕ್ಕಿಂತ ಒಂದು ವಾರ ಮೊದಲೇ ಭಾರತದಲ್ಲಿ ಬಿಡುಗಡೆಯಾಯಿತು. ಇಲ್ಲಿನ ನೆನಪಿನ ಬೆಲೆ ಅವರಿಗೆ ಗೊತ್ತಿತ್ತು. ಹಿಂದಿ ಆವೃತ್ತಿಯ ಪ್ರಚಾರಕ್ಕಾಗಿ ಗುಲ್ಜಾರ್, ವಿಶಾಲ್ ಭಾರದ್ವಾಜರ ಹಳೆಯ ಹಾಡನ್ನು ಹೊಸದಾಗಿ ಹಾಡಿಸಿದರು. ಶೇರ್‌ಖಾನನಿಗೆ ಮತ್ತೆ ನಾನಾ ಪಾಟೇಕರರ ದನಿಯನ್ನೇ ತಂದರು. ಚಿತ್ರ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಭಾಷೆಗಳಲ್ಲಿ ಬಂತು. ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಕಾರಾಪುರದ ಹುಡುಗ ಮೋಗ್ಲಿಯಾಗಿ 74 ವರ್ಷಗಳ ನಂತರವೂ ಮೋಗ್ಲಿ ಆತನ ಹುಟ್ಟೂರಿನ ಮಕ್ಕಳೊಡನೆ ಅವರ ಶಾಲೆಯ ಭಾಷೆಯಲ್ಲಿ ಮಾತಾಡಲಿಲ್ಲ.

ಅದಕ್ಕೆ ಒಂದು ವರ್ಷ ಮೊದಲು, 2015ರಲ್ಲಿ, ಡಬ್ಬಿಂಗ್ ತಡೆಯುವುದು ಸರಿಯಲ್ಲವೆಂದು ಭಾರತೀಯ ಸ್ಪರ್ಧಾ ಆಯೋಗ ಆದೇಶ ನೀಡಿತ್ತು. ಬದಲಾವಣೆ ನಿಧಾನವಾಗಿ ಬಂತು. ಮಕ್ಕಳಿಗಾಗಿ 2009ರಲ್ಲಿ ಆರಂಭವಾದ ಚಿಂಟು ಟಿ.ವಿ.ಯಲ್ಲಿ ಕಾರ್ಟೂನುಗಳು ಕನ್ನಡ ಮಾತಾಡತೊಡಗಿದ್ದವು. 2020ರ ಅದೇ ಲಾಕ್‌ಡೌನಿನಲ್ಲಿ ಸ್ಟಾರ್ ಸುವರ್ಣದಲ್ಲಿ ಕನ್ನಡಕ್ಕೆ ಡಬ್ ಆದ ‘ಮಹಾಭಾರತ’ ಬಂದಾಗ ಮನೆಯ ಅಜ್ಜಿಯರು, ಮೊಮ್ಮಕ್ಕಳು ಒಟ್ಟಿಗೆ ಕೂತು ನೋಡಿದರು. “ಏನಂದ್ನವ್ವ ಅವ?” ಎಂದು ಕೇಳುವ ಅಗತ್ಯ ಅಲ್ಲಿ ಬೀಳಲಿಲ್ಲ.

ಹುಲಿ ಏರಿದವನು

ಇಷ್ಟೆಲ್ಲ ನೋಡಿದ ಮೇಲೆ ಬಾಗಿಲ ಬಳಿ ಕೂತಿದ್ದ ಅಜ್ಜಿಯ ಮಾತು ನನಗೆ ಬೇರೆಯಾಗಿ ಕೇಳಿಸುತ್ತಿದೆ. ಚಾಮರಾಜನಗರ ಸೀಮೆಯ ಮಾದಪ್ಪ, ಅಂದರೆ ಮಲೆ ಮಹದೇಶ್ವರ, ಭಕ್ತರಿಗೆ ದೇವರು. ಕಥೆ ಕೇಳುವ ಮಗುವಿಗೆ ಆತ ಹುಲಿ ಏರಿ ದುಷ್ಟರನ್ನು ಅಡಗಿಸುವ ಸಾಹಸಿಯೂ ಹೌದು. ಕಂಸಾಳೆ ಹಿಡಿದ ದೇವರಗುಡ್ಡರು ಆ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಅದು ‘ಸಾಲು’ಗಳಾಗಿ ಹರಿಯುತ್ತದೆ: ಶರಣೆ ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಹೀಗೆ. ಇಂದು ಒಂದು ಸಾಲು, ಮುಂದಿನ ಹಬ್ಬಕ್ಕೆ ಇನ್ನೊಂದು. ಕಂತುಗಳ ಕಥೆ ಟಿ.ವಿ.ಗೆ ಎಷ್ಟೋ ಶತಮಾನ ಮೊದಲೇ ಈ ಸೀಮೆಗೆ ಗೊತ್ತಿತ್ತು.

ಪಿ.ಕೆ. ರಾಜಶೇಖರ ಅವರು ಈ ಕಾವ್ಯವನ್ನು ಸಂಗ್ರಹಿಸಿ 1973ರಲ್ಲಿ ಅಚ್ಚು ಹಾಕಿಸಿದರು. ಕೆ. ಕೇಶವನ್ ಪ್ರಸಾದ್ ಸಂಪಾದಿಸಿದ ಬೃಹತ್ ಪಾಠವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಪ್ರಕಟಿಸಿತು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು ಅದೇ 1997ರಲ್ಲಿ. ಶಕ್ತಿಮಾನ್ ಹಾರಿ ಬಂದದ್ದೂ ಅದೇ ವರ್ಷ. 2010ರ ದಶಕದ ಕೊನೆಯಲ್ಲಿ ಜೀ ಕನ್ನಡದ ಧಾರಾವಾಹಿಯಾಗಿ ಮಾದಪ್ಪ ಮನೆಮನೆಗೆ ಬಂದ. 2023ರ ಮಾರ್ಚಿನಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ಹುಲಿ ಏರಿದ ಆತನ 108 ಅಡಿ ಎತ್ತರದ ಪ್ರತಿಮೆ ಅನಾವರಣಗೊಂಡಿತು.

ಇವೂ ಪುನರಾಗಮನಗಳೇ. ಆದರೆ ಒಂದು ವ್ಯತ್ಯಾಸವಿದೆ. ಮೋಗ್ಲಿಯೂ ಶಕ್ತಿಮಾನನೂ ಒಮ್ಮೆ ನಿಂತುಹೋಗಿ ಮತ್ತೆ ಬಂದವರು. ಮಾದಪ್ಪನ ಕಥೆ ನಿಲ್ಲಲೇ ಇಲ್ಲ. ಅದಕ್ಕೆ ಕಾರಣ ಅದರ ಹಳಮೆಯೂ ಅಲ್ಲ, ಪವಾಡಗಳೂ ಅಲ್ಲ. ಅದನ್ನು ಹಾಡುವವರು ಕೇಳುವವರ ಎದುರಲ್ಲೇ, ಕೇಳುವವರ ಮಾತಿನಲ್ಲೇ ಕೂತು ಹಾಡಿದರು. ಅರ್ಥವಾಗದ ಮಗು ಅಲ್ಲೇ ಕೇಳಬಹುದಿತ್ತು. ಕೇಳಿದ ಮಗು ನಾಳೆ ಇನ್ನೊಂದು ಮಗುವಿಗೆ ಹೇಳಬಹುದಿತ್ತು. ಈ ಸರಪಳಿ ತುಂಡಾದ ದಿನ 108 ಅಡಿಯ ಪ್ರತಿಮೆಯೂ ಬರಿಯ ಕಲ್ಲು ಗಾರೆಯಾಗಿ ಉಳಿದೀತು.

ಹಳೆಯ ಕಾರ್ಟೂನನ್ನು ನೆನೆದು ನಾವು ನಿಟ್ಟುಸಿರಿಡುವಾಗ ನಿಜವಾಗಿ ಬೇಕಾಗಿರುವುದು ಯಾವುದು? ನನ್ನ ಮಟ್ಟಿಗೆ ಹೇಳುವುದಾದರೆ, ಆ ಜಪಾನಿ ಚಿತ್ರಗಳನ್ನು ನಾನು ಇಂದು ಯಾವಾಗ ಬೇಕಾದರೂ ಫೋನಿನಲ್ಲಿ ನೋಡಬಹುದು; ನೋಡಿದ್ದೇನೆ ಕೂಡ. ಐದು ನಿಮಿಷಕ್ಕೆ ಸಾಕೆನಿಸಿತು. ಈಗ ನನಗೆ ಹಿಂದಿ ಪೂರ್ತಿ ಅರ್ಥವಾಗುತ್ತದೆ, ಮೋಗ್ಲಿ ಏನು ಹೇಳುತ್ತಾನೆಂದು ಗೊತ್ತಾಗುತ್ತದೆ. ಅಕ್ಕ ಹೇಳುತ್ತಿದ್ದ ಮೋಗ್ಲಿ ಇದಕ್ಕಿಂತ ಚೆನ್ನಾಗಿ ಮಾತಾಡುತ್ತಿದ್ದ. ನಾನು ಹುಡುಕುತ್ತಿದ್ದದ್ದು ಅವಳ ದನಿಯನ್ನು.

ಬೆಟ್ಟದಿಂದ ಇಳಿಯುವ ಬಸ್ಸಿನಲ್ಲೂ ಆ ತಂದೆ, ಮಗ ನನ್ನ ಮುಂದೆಯೇ ಕೂತಿದ್ದರು. ನಾನು ಸಂಕೋಚ ಬಿಟ್ಟು, “ಸ್ವಾಮಿ, ಮೋಗ್ಲಿ ಪಾತ್ರ ಮಾಡಿದ ಒಬ್ಬ ಹುಡುಗ ಇದೇ ಕಾಡಿನ ಆ ಕಡೆ ಹುಟ್ಟಿದವನು” ಎಂದೆ. ಹುಡುಗ ಸೀಟಿನ ಮೇಲೆ ಮಂಡಿಯೂರಿ ನನ್ನ ಕಡೆ ತಿರುಗಿ ಕೂತ. ಸಾಬುವಿನ ಕಥೆ ಹೇಳಿದೆ. ಆನೆ ಲಾಯ, ಹಡಗು, ಸಿನಿಮಾ, ವಿಮಾನ, ಎಲ್ಲವನ್ನೂ. ತಪ್ಪಲು ಬರುವಷ್ಟರಲ್ಲಿ ಮುಗಿಯಿತು. ಬಸ್ಸಿನಿಂದ ಇಳಿದವನೇ ಆತ ಅಲ್ಲಿ ಕಾಯುತ್ತಿದ್ದ ತನ್ನ ತಂಗಿಯ ಕೈ ಹಿಡಿದು, “ಏಯ್, ಇಲ್ಲಿ ಕೇಳು, ಒಂದೂರಲ್ಲಿ ಒಬ್ಬ ಮಾವುತ ಇದ್ದ” ಎಂದು ಶುರು ಮಾಡಿದ್ದು ನನಗೆ ಕೇಳಿಸಿತು.